ಸೋರುವುದು ನಿಂತ ದಿನ

ಅಂದು ಬೆಳಗ್ಗೆ ಗಾಳಿಯೆಂಬುದು ಊರು ಬಿಟ್ಟು ಹೋದಂತಿತ್ತು. ಆಕಾಶದ ತುಂಬ ಬೂದಿ ಬಣ್ಣದ ಮೋಡ. ಅದಕ್ಕೆ ಮಳೆ ಸುರಿಸುವ ಹಟವೂ ಇಲ್ಲ, ಬಿಸಿಲಿಗೆ ದಾರಿ ಬಿಡುವ ಮನಸ್ಸೂ ಇಲ್ಲ. ಗೋಡೆಯ ಮೇಲಿನ ಬಳ್ಳಿಯಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಬೇರೆ ದಿನಗಳಲ್ಲಿ ಅಂಗಳದ ಗೋಡೆ ಹಾರಿ ಎತ್ತಲೋ ಹೊರಟುಹೋಗುತ್ತಿದ್ದ ಪೆಟ್ರೋಲ್ ವಾಸನೆ ಅಂದು ಎಲ್ಲಿಗೂ ಹೋಗದೆ, ಹೊರಡುವ ಮಾತೇ ಎತ್ತದ ನೆಂಟನ ಹಾಗೆ ಕಾಲು ಚಾಚಿ ಅಂಗಳದಲ್ಲೇ ಕುಳಿತಿತ್ತು. ಆಮೇಲೆ ನಿಧಾನವಾಗಿ ಎದ್ದು, ಮೆಟ್ಟಿಲು ಹತ್ತಿ ಮಹಡಿಯ ಕಿಟಕಿಯೊಳಗೂ ರಸ್ತೆ ದಾಟಿ ಎದುರಿನ ಅಂಗಡಿಯೊಳಗೂ ಇಣುಕಿತು. ಭಗವಂತ ಆ ಒಂದು ಬೆಳಗ್ಗೆ ಒಂದಿಷ್ಟು ಗಾಳಿ ಬೀಸಿಬಿಟ್ಟಿದ್ದರೆ ಈ ಕತೆ ಗಂಡಹೆಂಡಿರ ನಡುವೆಯೇ ಮುಗಿದುಹೋಗುತ್ತಿತ್ತು. ಆದರೆ ಅವನ ಲೆಕ್ಕ ಬೇರೆಯಿತ್ತು.

ವಾಸನೆ ಹೊರಡುತ್ತಿದ್ದದ್ದು ತಗಡಿನ ಮಾಡಿನ ಕೆಳಗೆ ನಿಂತಿದ್ದ ಹಳೆಯ ಕಪ್ಪು ಕಾರಿನಿಂದ. ಉಬ್ಬಿದ ಕೆನ್ನೆ, ದುಂಡು ದೀಪದ ಕಣ್ಣು, ಅಗಲವಾದ ಸೊಂಟ. ಮನೆಯವರೆಲ್ಲ ಅದನ್ನು ದೊಡ್ಡಮ್ಮ ಎನ್ನುತ್ತಿದ್ದರು. ದೊಡ್ಡಮ್ಮನಿಗೆ ಗಾಜು, ಚಕ್ರ, ಹಾರ್ನು ಎಲ್ಲವೂ ನೆಟ್ಟಗಿದ್ದವು. ಕಾಯಿಲೆ ಒಂದೇ: ಕಾರ್ಬೊರೇಟರ್ ಸೋರುತ್ತಿತ್ತು. ಆ ಕಾಲದ ಗಾಡಿ, ಪೆಟ್ರೋಲ್ ಟ್ಯಾಂಕು ಎಂಜಿನ್ನಿಗಿಂತ ಎತ್ತರದಲ್ಲಿ. ಹಾಗಾಗಿ ನಿಂತರೂ ಸೋರುತ್ತಿತ್ತು, ಓಡಿದರೂ ಸೋರುತ್ತಿತ್ತು. ಕೆಳಗಿಟ್ಟ ತಗಡಿನ ತಟ್ಟೆಗೆ ಟಪ್, ಟಪ್ ಎಂದು ಬೀಳುವ ಹನಿಯ ಸದ್ದಿಗೆ ಆ ಮನೆಯವರು ಎಷ್ಟು ಒಗ್ಗಿದ್ದರೆಂದರೆ, ತಟ್ಟೆ ತುಂಬಿ ಸದ್ದು ಬದಲಾದರೆ ನಿದ್ದೆಯಿಂದ ಎಚ್ಚರಾಗುತ್ತಿತ್ತು.

ಈ ದೊಡ್ಡಮ್ಮನ ಯಜಮಾನನಿಗೆ ಓಣಿಯವರು ಕರಡಪ್ಪ ಎಂದು ಹೆಸರಿಟ್ಟಿದ್ದರು. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ಪುಟದ ಮೂಲೆಯಲ್ಲಿ ಅಡಗಿ ಕುಳಿತ ತಪ್ಪನ್ನು ಕಿವಿ ಹಿಡಿದು ಹೊರಗೆಳೆಯುವ ಕಣ್ಣು ಅವನಿಗಿತ್ತು. ಕೈಗೆ ಮಾತ್ರ ಆ ಯೋಗ್ಯತೆ ಇರಲಿಲ್ಲ. ಅವನು ಗೋಡೆಗೆ ಮೊಳೆ ಹೊಡೆದರೆ ಮೊಳೆ ನಿಲ್ಲುತ್ತಿರಲಿಲ್ಲ, ಗಾರೆ ಬೀಳುತ್ತಿತ್ತು. ಅಂಥವನಿಗೆ ಮಾವ ಈ ಕಾರು ಕೊಟ್ಟಾಗ ಬಂಧುಬಳಗವೆಲ್ಲ ಬಾಯಿ ಬಿಟ್ಟುಕೊಂಡು ನೋಡಿತ್ತು. ಯಾಕೆಂದರೆ ದೊಡ್ಡಳಿಯ ಲೇತ್ ಕಾರ್ಖಾನೆಯ ಮಾಲೀಕ. ಅವನು ಹತ್ತಿರ ಬಂದರೆ ಕೆಟ್ಟ ಯಂತ್ರಗಳೂ ಎದ್ದು ನಿಲ್ಲುತ್ತವೆ ಎಂಬ ಖ್ಯಾತಿ. ಅವನನ್ನು ಬಿಟ್ಟು ಚಿಕ್ಕಳಿಯನ ಕೈಗೆ ಕೀಲಿ ಕೊಟ್ಟ ಮಾವ ಒಂದೇ ಷರತ್ತು ಹಾಕಿದ್ದರು: "ಯಾವ ಮೆಕ್ಯಾನಿಕ್ಕಿನ ಕೈಯೂ ಇದಕ್ಕೆ ತಾಗಕೂಡದು. ಏನು ಮಾಡಿದರೂ ಮನೆಯವರೇ ಮಾಡಬೇಕು." ಹಿರಿಯರ ಮಮತೆ ಅಂದರೆ ಇದು ಎಂದು ಕರಡಪ್ಪನ ಕಣ್ಣು ಒದ್ದೆಯಾಗಿತ್ತು.

ಪ್ರತಿ ಭಾನುವಾರ ಮಾವ ಫೋನು ಮಾಡುತ್ತಿದ್ದರು. ಮಗಳ ಯೋಗಕ್ಷೇಮಕ್ಕಿಂತ ಮೊದಲು ಬರುತ್ತಿದ್ದ ಪ್ರಶ್ನೆ, "ದೊಡ್ಡಮ್ಮ ಸೋರ್ತಾ ಇದಾಳಾ?" "ಸೋರ್ತಾ ಇದಾಳೆ ಮಾವ," ಎಂದು ಕರಡಪ್ಪ ತಲೆತಗ್ಗಿಸಿ ಹೇಳುತ್ತಿದ್ದ. "ಇರಲಿ ಬಿಡಿ ಅಳಿಯಂದ್ರೆ, ಮನಸ್ಸಿಗೆ ಹಚ್ಕೋಬೇಡಿ," ಎಂದು ಮಾವ ಶಾಂತವಾಗಿ ಫೋನಿಡುತ್ತಿದ್ದರು. ಎಂಥ ದೊಡ್ಡ ಗುಣ ಎಂದುಕೊಳ್ಳುತ್ತಿದ್ದ ಅವನು.

ಹೋದ ವಾರ ಷಡ್ಡಕ, ಅದೇ ಲೇತಿನ ದೊಡ್ಡಳಿಯ, ಬಂದಿದ್ದ. ಅಂಗಳದಲ್ಲಿ ನಿಂತು ಟಪ್ ಸದ್ದನ್ನು ಕೇಳಿ, ನಾಲಿಗೆಯಿಂದ ಲೊಚಗುಟ್ಟಿ, "ಷಡ್ಡಕರೇ, ಇದು ಕಾರಾ, ನಲ್ಲಿಯಾ? ಒಂದು ಬೆಳಗ್ಗೆ ನನ್ನ ಕೈಗೆ ಕೊಡಿ. ಅಲ್ಲ, ಮಾವನಿಗೆ ಹೇಳಿ ಪೂರ್ತಿ ನನಗೇ ಕೊಡಿಸಿಬಿಡಿ, ಪಾಪ ಗಾಡಿಯಾದರೂ ಬದುಕಲಿ," ಎಂದು ನಕ್ಕು ಹೋದ. ಆ ನಗು ಕರಡಪ್ಪನ ಎದೆಯಲ್ಲಿ ಮೂರು ದಿನ ಸೋರಿತು. ಭಾನುವಾರ ಮಾವ ಎಂದಿನಂತೆ ಕೇಳಿದಾಗ ಅವನ ಬಾಯಿ ಅವನ ಅಪ್ಪಣೆಗೆ ಕಾಯಲಿಲ್ಲ.

"ಸೋರೋದು ನಿಂತುಹೋಯ್ತು ಮಾವ. ನಾನೇ ಕೈಯಾರೆ ಸರಿ ಮಾಡಿದೆ."

ಆ ಕಡೆ ಲೋಟವೊಂದು ಬಿದ್ದು ಉರುಳಿದ ಸದ್ದು. ಸಂತೋಷಕ್ಕೆ ಎದ್ದು ನಿಂತಿರಬೇಕು ಎಂದುಕೊಂಡ. ಕೊನೆಗೆ ಮಾವ ಕೇಳಿದರು, "ನಿಜವಾಗ್ಲೂ?"

"ಒಂದು ಹನಿಯೂ ಇಲ್ಲ."

"ಹಾಗಾದರೆ ಗುರುವಾರ ಬರ್ತೀನಿ. ಕಣ್ಣಾರೆ ನೋಡಬೇಕು."

ಅಂದೇ ಆ ಗುರುವಾರ. ಮಧ್ಯಾಹ್ನದ ಬಸ್ಸಿಗೆ ಮಾವ ಬರುವವರಿದ್ದರು.

"ಈಗಲೂ ಏನೂ ಕೆಟ್ಟಿಲ್ಲರೀ," ಎಂದಳು ಹೆಂಡತಿ, ತಟ್ಟೆಯಲ್ಲಿದ್ದ ಪೆಟ್ರೋಲನ್ನು ಡಬ್ಬಕ್ಕೆ ಬಗ್ಗಿಸುತ್ತ. "ಅಪ್ಪ ಬಂದ ತಕ್ಷಣ ನಿಜ ಹೇಳಿಬಿಡಿ. ಅವರೇನು ನಿಮ್ಮನ್ನ ನುಂಗ್ತಾರಾ?"

"ಸುಳ್ಳು ಅಂತ ಗೊತ್ತಾದ್ರೆ ಕಾರು ನಿನ್ನ ಭಾವನ ಪಾಲು ಕಣೇ. ಆಮೇಲೆ ನಾನು ನಿನ್ನ ತವರಿಗೆ ಯಾವ ಮುಖ ಇಟ್ಕೊಂಡು ಬರಲಿ?"

"ಇದೇ ಮುಖ. ಬೇರೆ ಎಲ್ಲಿದೆ?"

ಕರಡಪ್ಪ ಬಾನೆಟ್ ಎತ್ತಿದ. ಅವನಿಗೊಂದು ಧೈರ್ಯವಿತ್ತು. ಎಷ್ಟೋ ವರ್ಷಗಳ ಹಿಂದೆ ಮೋಟಾರು ದುರಸ್ತಿಯ ಪುಸ್ತಕವೊಂದರ ಕರಡನ್ನು ಅವನೇ ತಿದ್ದಿದ್ದ. ಸ್ಕ್ರೂಡ್ರೈವರ್ ಹಿಡಿದು ಅದನ್ನು ನೆನಪು ಮಾಡಿಕೊಂಡ. ಆ ಪುಸ್ತಕದಲ್ಲಿದ್ದ ತಪ್ಪುಗಳೆಲ್ಲ ಪುಟಸಮೇತ ನೆನಪಿದ್ದವು. ಸರಿಯಿದ್ದದ್ದು ಒಂದೂ ನೆನಪಿಗೆ ಬರಲಿಲ್ಲ.

ಅಂದೇ ಮೊದಲ ಸಲ ಕಣ್ಣಿಗೆ ಬಿದ್ದ ಟ್ಯಾಂಕಿನ ನಲ್ಲಿಯನ್ನು ತಿರುಗಿಸಿ ಮುಚ್ಚಿ, ಕಾರ್ಬೊರೇಟರಿನ ಪಕ್ಕದ ಪುಟ್ಟ ಬಟ್ಟಲಿನ ಸ್ಕ್ರೂಗಳನ್ನು ಬಿಚ್ಚುವಷ್ಟರಲ್ಲಿ ಬಟ್ಟಲಿನಲ್ಲಿದ್ದ ಪೆಟ್ರೋಲು ತೋಳಿನವರೆಗೂ ಇಳಿಯಿತು. ಹೆಂಡತಿ ಒಳಗೆ ಓಡಿ ಒಲೆ ಆರಿಸಿದಳು. "ಇದು ಮುಗಿಯೋವರೆಗೂ ಈ ಮನೆಯಲ್ಲಿ ಬೆಂಕಿ ಹೊತ್ತಲ್ಲ. ಅಪ್ಪನಿಗೆ ಬಾಳೆಹಣ್ಣೇ ಊಟ," ಎಂದು ಸಾರಿ, ಬಾಗಿಲಲ್ಲೇ ಮಣೆ ಹಾಕಿ ಕುಳಿತಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಮಹಡಿಯ ಮೇಲೆ ಕ್ಲಿನಿಕ್ಕು ಇಟ್ಟಿದ್ದ ಹಲ್ಲಿನ ಡಾಕ್ಟರು ಬಿಳಿ ಕೋಟಿನಲ್ಲೇ ಇಳಿದು ಬಂದರು. ಅವರ ಹಿಂದೆ, ಒಂದು ಕೆನ್ನೆಗೆ ಕೈಯೊತ್ತಿಕೊಂಡು, ಆಗಷ್ಟೇ ಇಂಜೆಕ್ಷನ್ ಹಾಕಿಸಿಕೊಂಡಿದ್ದ ಒಬ್ಬ ಬಸ್ ಕಂಡಕ್ಟರು.

"ಏನ್ರೀ ಇದು ವಾಸನೆ? ನನ್ನ ಪೇಷೆಂಟಿಗೆ ಮಂಪರು ಬರಿಸ್ಬೇಕಾದ್ದು ನಾನು, ನೀವಲ್ಲ," ಎನ್ನುತ್ತಲೇ ಡಾಕ್ಟರು ಬಾನೆಟ್ಟಿನೊಳಗೆ ಬಗ್ಗಿದರು. ಜೇಬಿನಿಂದ ಉದ್ದ ಹಿಡಿಯ ಪುಟ್ಟ ಕನ್ನಡಿ ತೆಗೆದು ಬಟ್ಟಲಿನೊಳಗೆ ತೂರಿಸಿದರು. "ಹೂಂ. ಎಷ್ಟು ದಿನದಿಂದ ಇದೆ?"

"ಮಾವನ ಕಾಲದಿಂದ."

"ರಾತ್ರಿ ಹೊತ್ತು ಜಾಸ್ತಿಯಾಗತ್ತಾ?"

ರಸ್ತೆಯಾಚೆಯಿಂದ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡ ಟೈಲರೂ ಬಂದರು. ಬಾಯಲ್ಲಿ ಬೀಡಿ, ಕೈಯಲ್ಲಿ ಬೆಂಕಿಕಡ್ಡಿ. ಹೆಂಡತಿ ಮಣೆಯಿಂದ ಎದ್ದ ವೇಗಕ್ಕೆ ಬೀಡಿ ಒಂದು ಕಡೆ, ಕಡ್ಡಿ ಒಂದು ಕಡೆ ಬಿದ್ದವು. ಅವರ ಬೆಂಕಿಪೊಟ್ಟಣವನ್ನು ಕಸಿದು ಸೆರಗಿಗೆ ಕಟ್ಟಿಕೊಂಡು, "ಹೋಗುವಾಗ ಇಸ್ಕೊಳ್ಳಿ ಅಣ್ಣಾ," ಎಂದಳು.

ಮೆಕ್ಯಾನಿಕ್ಕಿನ ಕೈ ತಾಗಕೂಡದು ಎಂದಿದ್ದರು ಮಾವ. ಹಲ್ಲಿನ ಡಾಕ್ಟರು ಮೆಕ್ಯಾನಿಕ್ಕಲ್ಲ, ಟೈಲರೂ ಅಲ್ಲ. ಕರಡಪ್ಪ ಮನಸ್ಸಿನಲ್ಲೇ ಷರತ್ತಿನ ಮೊದಲ ವಾಕ್ಯವನ್ನು ಮಾತ್ರ ಇನ್ನೊಮ್ಮೆ ಓದಿ, ಎಲ್ಲೂ ತಪ್ಪು ಕಾಣದೆ ನೆಮ್ಮದಿಪಟ್ಟ.

ಕಾಯಿಲೆಯನ್ನು ಕಂಡುಹಿಡಿದದ್ದು ಡಾಕ್ಟರೇ ಎನ್ನಬೇಕು. ಬಟ್ಟಲಿನೊಳಗೆ ಒಂದು ಟೊಳ್ಳು ಹಿತ್ತಾಳೆ ಗುಂಡು. ಪೆಟ್ರೋಲು ತುಂಬಿದಂತೆ ಅದು ತೇಲಿ ಮೇಲೇಳಬೇಕು, ಎದ್ದು ತನ್ನ ತಲೆಯ ಮೇಲಿನ ಸೂಜಿಯೊಂದನ್ನು ಮುಚ್ಚಳದ ತೂತಿನೊಳಗೆ ಒತ್ತಬೇಕು, ತೂತು ಮುಚ್ಚಿ ಪೆಟ್ರೋಲು ಬರುವುದು ನಿಲ್ಲಬೇಕು. ಅಷ್ಟೇ ವ್ಯವಹಾರ. ಆದರೆ ಸೂಜಿಯ ಮೂತಿ ಸವೆದು ಸುತ್ತ ಗೀರು ಬಿದ್ದಿತ್ತು. ತೂತು ಪೂರ್ತಿ ಮುಚ್ಚುತ್ತಿರಲಿಲ್ಲ. ಜೊತೆಗೆ ಬಟ್ಟಲಿಗೂ ಮುಚ್ಚಳಕ್ಕೂ ನಡುವಿನ ಪ್ಯಾಕಿಂಗು ಹಪ್ಪಳದ ಹಾಗೆ ಒಣಗಿ ಬಿರಿದಿತ್ತು.

"ಹಾಳಾಗಿದೆ, ಕಿತ್ತುಬಿಡೋಣ," ಎಂದರು ಡಾಕ್ಟರು ಅಭ್ಯಾಸಬಲದಿಂದ.

"ಕಿತ್ರೆ ಗಾಡಿ ಓಡಲ್ಲ ಡಾಕ್ಟ್ರೇ."

"ಹಾಗಂತ ಎಲ್ಲರೂ ಹೇಳ್ತಾರೆ. ಆಮೇಲೆ ಒಗ್ಗಿಕೊಳ್ತಾರೆ."

ಕರಡಪ್ಪ ಬೆರಳ ಗೆಣ್ಣಿನಷ್ಟುದ್ದದ ಆ ಸೂಜಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕರಡಿನ ಕೊನೆಯ ಸಾಲು ನೋಡುವಂತೆ ನೋಡಿದ. ಆಗಲೇ ಪೆಟ್ರೋಲಿನಲ್ಲಿ ನೆನೆದ ಬೆರಳು ಜಾರಿತು. ಸೂಜಿ ಮಾಯವಾಯಿತು.

ಬೀಳುವ ಸದ್ದೂ ಕೇಳಲಿಲ್ಲ. ನಾಲ್ವರು ನೆಲಕ್ಕೆ ಮಂಡಿಯೂರಿದರು. ಟೈಲರು ತಮ್ಮ ಅಂಗಡಿಯಿಂದ ಸೂಜಿ ಹುಡುಕುವ ಅಯಸ್ಕಾಂತ ತಂದು ಅಂಗಳದ ಮೇಲೆಲ್ಲ ಆಡಿಸಿದರು. ಸಿಕ್ಕಿದ್ದು ಒಂದು ಕೊಡೆಯ ಕಡ್ಡಿ, ಎರಡು ಹೇರ್‌ಪಿನ್ನು. ಹಿತ್ತಾಳೆ ಸೂಜಿಗೆ ಅಯಸ್ಕಾಂತ ಹಿಡಿಯುವುದಿಲ್ಲವೆಂದು ಆಮೇಲೆ ಯಾರಿಗೋ ಹೊಳೆಯಿತು. ಮೂಲೆಯಲ್ಲಿ ಚರಂಡಿಯ ತೂತು ಬಾಯಿ ತೆರೆದುಕೊಂಡಿತ್ತು. ಎಲ್ಲರೂ ಅದನ್ನು ನೋಡಿ ನಿಟ್ಟುಸಿರು ಬಿಟ್ಟರು.

ಕಂಡಕ್ಟರು ಮಾತ್ರ ನಿಟ್ಟುಸಿರು ಬಿಡಲಿಲ್ಲ. ಅರ್ಧ ಮುಖ ಮರಗಟ್ಟಿ, ನಾಲಿಗೆ ಒದ್ದೆ ಬಟ್ಟೆಯಂತಾಗಿದ್ದರೂ, "ಆಂ... ಊಂ... ಅಹ್ಹಿ..." ಎಂದು ಕರಡಪ್ಪನ ಕಾಲಿನ ಕಡೆ ಬೆರಳು ಮಾಡಿ ಮಾಡಿ ತೋರಿಸಿದರು. ಬಸ್ಸಿನ ಹಿಂಬಾಗಿಲಿಂದ ಮುಂಬಾಗಿಲಿಗೆ ಕೇಳಿಸುವಂತೆ ಕೂಗಿ ಬಾಳಿದ ಗಂಟಲು. ಅಂದು ಅದರಿಂದ ಒಂದು ಮಾತೂ ನೆಟ್ಟಗೆ ಹೊರಡಲಿಲ್ಲ.

"ಕೂತ್ಕೋಬೇಕಂತೆ," ಎಂದಳು ಹೆಂಡತಿ, ಮಣೆ ಮುಂದೆ ತಳ್ಳಿ.

ಕಂಡಕ್ಟರು ತಲೆಯಾಡಿಸಿ, ಬಗ್ಗಿ, ಕರಡಪ್ಪನ ಪ್ಯಾಂಟಿನ ಮಡಚಿದ ಕಾಲ್ತುದಿಯನ್ನೇ ಮುಟ್ಟಿ ತೋರಿಸಿದರು. ಟೈಲರ ಮುಖ ಅರಳಿತು. "ಓ, ಇದಾ? ಮಡಿಕೆ ಪ್ಯಾಂಟು. ನಾನೇ ಹೊಲಿದದ್ದು. ಈಗ ಇಂಥ ಮಡಿಕೆ ಹಾಕೋರೇ ಇಲ್ಲ. ನಿಮಗೂ ಒಂದು ಬೇಕಾ?" ಎಂದು ಅವರ ಸೊಂಟಕ್ಕೆ ಅಳತೆಪಟ್ಟಿ ಸುತ್ತಿದರು. ಕಂಡಕ್ಟರು ಆಕಾಶ ನೋಡಿದರು. ಆಕಾಶವೂ ಅವರಂತೆಯೇ ಬಾಯಿ ಕಟ್ಟಿಕೊಂಡು ಸುಮ್ಮನಿತ್ತು.

"ಹೋದದ್ದು ಹೋಯ್ತು. ಹೊಸದು ಕಟ್ಟಿಸ್ಕೊಂಡ್ರಾಯ್ತು," ಎಂದರು ಡಾಕ್ಟರು. ಮುಚ್ಚಳ ಹಿಡಿದು ಮಹಡಿಗೆ ಹೋಗಿ, ಹಲ್ಲು ಕೊರೆದು ಕೊರೆದು ಮೊಂಡಾದ ಒಂದು ಉಕ್ಕಿನ ಕಡ್ಡಿಯನ್ನು ತೆಗೆದುಕೊಂಡರು. ತೂತಿನ ಅಳತೆಗೆ ಅದು ಹೇಳಿ ಮಾಡಿಸಿದಂತಿತ್ತು. ಹಲ್ಲು ಉಜ್ಜುವ ಯಂತ್ರ ಗುಂಯ್‌ಗುಟ್ಟಿತು. ಕುರ್ಚಿಯ ಮೇಲೆ, ಪೇಷೆಂಟು ಒರಗಬೇಕಾದ ಜಾಗದಲ್ಲಿ, ಕಾರ್ಬೊರೇಟರಿನ ಮುಚ್ಚಳ ಮಲಗಿತು; ಮೇಲಿಂದ ದೀಪದ ಬೆಳಕು ಬಿತ್ತು. ಸೂಜಿಯ ಮೂತಿ ಚೂಪಾದ ಮೇಲೆ ಡಾಕ್ಟರು ಹಲ್ಲಿನ ಕಚ್ಚು ನೋಡುವ ನೀಲಿ ಕಾಗದದ ಚೂರೊಂದನ್ನು ತೂತಿಗಿಟ್ಟು ಸೂಜಿಯನ್ನು ಒತ್ತಿ ತೆಗೆದರು. ನೀಲಿ ಎಲ್ಲಿ ಅಂಟಿದೆಯೋ ಅಲ್ಲಿ ಉಬ್ಬು. ಅಲ್ಲಿಗೆ ಒಂದು ಚೂರು ಉಜ್ಜಿ ಮತ್ತೆ ಒತ್ತಿದರು. ಸುತ್ತಲೂ ಒಂದೇ ಸಮನಾದ ನೀಲಿ ಉಂಗುರ ಮೂಡಿತು.

"ಎತ್ತರ ಅನ್ನಿಸ್ತಾ ಇದೆಯಾ?" ಎಂದು ಕಾರ್ಬೊರೇಟರನ್ನೇ ಕೇಳಿ, ಅದು ಸುಮ್ಮನಿದ್ದದ್ದರಿಂದ ತೃಪ್ತರಾದರು.

ಕೆಳಗೆ ಟೈಲರು ಪ್ಯಾಕಿಂಗಿನ ಹೊಣೆ ಹೊತ್ತಿದ್ದರು. ಹೆಂಡತಿ ಬಿಸಿ ಪಾತ್ರೆಯ ಕೆಳಗಿಡುವ ತನ್ನ ಕಾರ್ಕ್ ಹಾಳೆಯನ್ನು ತ್ಯಾಗ ಮಾಡಿದಳು. ಟೈಲರು ಬಟ್ಟಲಿನ ಸುತ್ತಳತೆ ತೆಗೆದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕತ್ತರಿಯಿಂದ ಸರಾಗವಾಗಿ ಕತ್ತರಿಸಿದರು. ಎಲ್ಲವನ್ನೂ ಜೋಡಿಸಿ, ಸ್ಕ್ರೂ ಬಿಗಿದು, ಕರಡಪ್ಪ ಮನೆದೇವರನ್ನು ನೆನೆದು ಟ್ಯಾಂಕಿನ ನಲ್ಲಿ ತಿರುಗಿಸಿದ.

ಒಂದು ಕ್ಷಣ ಏನೂ ಆಗಲಿಲ್ಲ. ಎರಡನೆಯ ಕ್ಷಣಕ್ಕೆ ಬಟ್ಟಲಿನ ನಾಲ್ಕೂ ಕಡೆಯಿಂದ ಪೆಟ್ರೋಲು ಚಿಮ್ಮಿ ಡಾಕ್ಟರ ಬಿಳಿ ಕೋಟಿನ ಮೇಲೆ ಅಡ್ಡಪಟ್ಟೆ ಎಳೆಯಿತು. ಹಿಂದೆ ಟಪ್ ಎನ್ನುತ್ತಿದ್ದದ್ದು ಈಗ ಸುರ್ ಎಂದಿತು.

ನಲ್ಲಿ ಮುಚ್ಚಿ ಬಿಚ್ಚಿ ನೋಡಿದರೆ, ಕಾರ್ಕಿನ ಪ್ಯಾಕಿಂಗು ಬಟ್ಟಲಿನ ಅಂಚಿಗಿಂತ ಒಳಕ್ಕೆ ಬೆರಳಗಲ ಚಾಚಿಕೊಂಡು ಹಿತ್ತಾಳೆ ಗುಂಡಿನ ತಲೆಯನ್ನು ಅದುಮಿ ಹಿಡಿದಿತ್ತು. ಗುಂಡು ಮೇಲೇಳದ್ದರಿಂದ ಸೂಜಿ ತೂತನ್ನು ಮುಚ್ಚಿರಲಿಲ್ಲ.

"ಇದೇನ್ರೀ ಇಷ್ಟು ದೊಡ್ಡದು ಕತ್ತರಿಸಿದೀರಿ?" ಎಂದರು ಡಾಕ್ಟರು ಕೋಟು ಹಿಂಡುತ್ತ.

"ಒಳಗೆ ಸ್ವಲ್ಪ ಬಿಟ್ಟಿದೀನಿ. ನಾಳೆ ದಪ್ಪ ಆದ್ರೆ ಬಿಚ್ಚಿ ಸಡಿಲ ಮಾಡ್ಬಹುದು."

"ಕಾರ್ಬೊರೇಟರ್ ದಪ್ಪ ಆಗತ್ತೇನ್ರೀ?"

"ವಯಸ್ಸಾದ ಮೇಲೆ ಯಾರು ದಪ್ಪ ಆಗಲ್ಲ ಹೇಳಿ," ಎಂದರು ಟೈಲರು, ಡಾಕ್ಟರ ಹೊಟ್ಟೆಯನ್ನು ಒಮ್ಮೆ ನೋಡಿ.

ಜಗಳ ಕಾಯಲು ಹೊತ್ತಿರಲಿಲ್ಲ. ಉಳಿದ ಕಾರ್ಕಿನಲ್ಲಿ ಟೈಲರು ಎರಡನೆಯದನ್ನು ಕತ್ತರಿಸಿದರು. ಈ ಸಲ ಒಂದು ಕೂದಲೆಳೆಯಷ್ಟೂ ಹೆಚ್ಚಿಗೆ ಬಿಡಲಿಲ್ಲ. ಇಡೀ ಜೀವನದಲ್ಲಿ ಒಳಗೆ ಬಟ್ಟೆ ಬಿಡದೆ ಹೊಲಿದದ್ದು ಇದೇ ಮೊದಲೆಂದು ಗೊಣಗಿದರು. ಮತ್ತೆ ಜೋಡಣೆ, ಮತ್ತೆ ಮನೆದೇವರು, ಮತ್ತೆ ನಲ್ಲಿ.

ಎಲ್ಲರೂ ಬಗ್ಗಿ ತಗಡಿನ ತಟ್ಟೆಯನ್ನು ನೋಡಿದರು. ತಟ್ಟೆ ಒಣಗಿತ್ತು. ಕರಡಪ್ಪ ಎಂಜಿನ್ ಚಾಲೂ ಮಾಡಿದ. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು, ಗುಡುಗುಡು ಎಂದು ಹಿತವಾಗಿ ಮಾತಿಗೆ ಕುಳಿತಳು. ತಟ್ಟೆ ಆಗಲೂ ಒಣಗಿತ್ತು. ಎಂಜಿನ್ ನಿಲ್ಲಿಸಿದ. ಟಪ್ ಇಲ್ಲ. ಆ ಅಂಗಳದಲ್ಲಿ ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ.

"ಹುಡುಕಿದ್ದು ಸಾಕಾಯ್ತಾ?" ಎಂದು ಹಿಂದಿನಿಂದ ಗಟ್ಟಿ ದನಿಯೊಂದು ಬಂತು. ಎಲ್ಲರೂ ತಿರುಗಿದರು. ಕಂಡಕ್ಟರ ನಾಲಿಗೆ ಮರಳಿ ಬಂದಿತ್ತು. "ಆಗಿನಿಂದ ಬಡ್ಕೋತಾ ಇದೀನಿ. ಆ ಸೂಜಿ ಎಲ್ಲೂ ಹೋಗಿಲ್ಲ. ಯಜಮಾನರ ಪ್ಯಾಂಟಿನ ಮಡಿಕೆಯೊಳಗೆ ಬಿದ್ದಿದೆ."

ಕರಡಪ್ಪ ಮಡಿಕೆ ಬಿಡಿಸಿದ. ಹಳೆಯ ಸೂಜಿ ಅಂಗೈಗೆ ಉರುಳಿತು. "ನೋಡಿದ್ರಾ, ನನ್ನ ಮಡಿಕೆ. ಏನು ಬಿದ್ರೂ ಕಾಪಾಡತ್ತೆ," ಎಂದರು ಟೈಲರು. ಡಾಕ್ಟರು ಕಂಡಕ್ಟರ ಮುಖ ನೋಡಿ, "ಅಯ್ಯೋ, ಮಂಪರು ಇಳಿದುಹೋಯ್ತಾ? ಹಾಗಾದ್ರೆ ಇನ್ನೊಂದು ಚುಚ್ಚಬೇಕು, ಬನ್ನಿ," ಎಂದು ಅವರ ತೋಳು ಹಿಡಿದರು.

ಕರಡಪ್ಪ ಸೂಜಿಯನ್ನು ಕರಡಿನ ಕಾಗದದ ಚೂರಿನಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುವುದಕ್ಕೂ ಗೇಟಿನ ಬಳಿ ಮಾವ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು.

ಮಾವ ಹಿರಿಯ ಜೀವ. ನೆಟ್ಟಗಿನ ನಡಿಗೆ, ಇಸ್ತ್ರಿಯ ಪಂಚೆ, ಹಣೆಯ ಮೇಲೆ ಯೋಚನೆಯ ಗೆರೆ. ಮಗಳು ಕೊಟ್ಟ ನೀರನ್ನು ಕೈಯಲ್ಲೇ ಹಿಡಿದುಕೊಂಡು ನೇರ ಕಾರಿನ ಬಳಿಗೆ ಬಂದರು. ಮೂಗು ಮುಂದೆ ಮಾಡಿ ವಾಸನೆ ನೋಡಿದರು. ಅಂಗಳವೆಲ್ಲ ಘಮಘಮಿಸುತ್ತಿತ್ತು. ಅವರ ಮುಖ ತುಸು ಗೆಲುವಾದಂತೆ ಕಂಡಿತು.

"ವಾಸನೆ ಇದೆಯಲ್ಲ ಅಳಿಯಂದ್ರೆ?"

"ಅದು ಡಾಕ್ಟ್ರ ಕೋಟಿನದ್ದು ಮಾವ. ತಟ್ಟೆ ನೋಡಿ."

ಮಾವ ಬಗ್ಗಿ ತಟ್ಟೆಗೆ ಬೆರಳು ಆಡಿಸಿದರು. ಬೆರಳು ಒಣಗಿಯೇ ಬಂತು. "ಸರಿಯಾಗಿ ನೋಡಿ. ಹಳೇ ಗಾಡಿ. ಒಂದೆರಡು ಹನಿ ಬಿದ್ರೆ ಅದೇನು ಅವಮಾನ ಅಲ್ಲ. ಬಿದ್ದಿದ್ರೆ ಹೇಳಿ, ನಾನೇನೂ ಅಂದ್ಕೊಳ್ಳಲ್ಲ."

ಬಾಗಿಲಲ್ಲಿ ಹೆಂಡತಿ ಕಣ್ಣಲ್ಲೇ, ಹೇಳಿಬಿಡಿ ಎಂದಳು. ಆದರೆ ಹೇಳಲು ಈಗ ಏನಿದೆ? ಸುಳ್ಳು ಬೆಳಗ್ಗೆಯಷ್ಟೇ ನಿಜವಾಗಿಬಿಟ್ಟಿತ್ತು. ಮಾವ ಪರೀಕ್ಷೆ ಮಾಡುತ್ತಿದ್ದಾರೆಂದು ಕರಡಪ್ಪ ಎದೆ ಸೆಟೆಸಿದ. "ಹನಿಯ ಮಾತೇ ಇಲ್ಲ ಮಾವ. ನಾನಿರೋವರೆಗೂ ಇದು ಇನ್ನು ಸೋರಲ್ಲ. ಬರೆದುಕೊಡ್ಲಾ?"

ಮಾವ ಬಹಳ ಹೊತ್ತು ದೊಡ್ಡಮ್ಮನ ಬೆನ್ನು ಸವರುತ್ತ ನಿಂತರು. ಮಗಳು ತಂದ ಬಾಳೆಹಣ್ಣನ್ನು ಬೇಡವೆಂದರು. ಆಮೇಲೆ, "ಗಾಡಿ ತೆಗೀರಿ. ಒಂದು ಕಡೆ ಹೋಗಿ ಬರೋಣ," ಎಂದು ಮುಂದಿನ ಸೀಟಿನಲ್ಲಿ ಕುಳಿತರು.

ಕಾರು ರಸ್ತೆಗಿಳಿದಾಗ ಟೈಲರು ಅಂಗಡಿಯಿಂದ ಕೈಬೀಸಿದರು. ಕರಡಪ್ಪನಿಗೆ ಸಿಂಹಾಸನವೇರಿ ಹೊರಟಂತಿತ್ತು. ಇದನ್ನು ಷಡ್ಡಕ ನೋಡಬೇಕಿತ್ತು ಎಂದುಕೊಳ್ಳುತ್ತ ಬೇಕಿಲ್ಲದ ಕಡೆಯಲ್ಲೂ ಹಾರ್ನು ಹೊಡೆದ. ತಿರುವೊಂದು ದಾಟಿದ ಮೇಲೆ ಮಾವ ನಿಧಾನವಾಗಿ ಬಾಯಿ ಬಿಟ್ಟರು.

"ಈ ಗಾಡಿ ನಂದಲ್ಲ ಅಳಿಯಂದ್ರೆ."

"ಗೊತ್ತು ಮಾವ, ನನಗೇ ಕೊಟ್ಟಿದೀರಲ್ಲ."

"ಅದಲ್ಲ. ಇದು ನನ್ನ ಸ್ನೇಹಿತನದ್ದು. ನನ್ನ ಮದುವೆಯ ವರ್ಷ ನಾಲ್ಕು ದಿನಕ್ಕೆ ಅಂತ ಇಸ್ಕೊಂಡು ಬಂದೆ. ನನ್ನ ಹತ್ರ ಬಂದ ಮೇಲೆ ಸೋರೋಕೆ ಶುರುವಾಯ್ತು. ಹಾಗೇ ಹೇಗೆ ಹಿಂತಿರುಗಿಸೋದು? ಸರಿ ಮಾಡಿಸಿ ತಂದುಕೊಡ್ತೀನಿ ಅಂದೆ. ಅವಸರ ಇಲ್ಲ ಕಣೋ, ಸೋರೋದು ನಿಂತ ದಿನ ತಂದುಕೊಡು ಅಂದ. ಮಾತು ಕೊಟ್ಟೆ."

ಕರಡಪ್ಪನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಹಿಂದಿನ ಸೈಕಲ್ಲಿನವನು ಬೈದು ಮುಂದೆ ಹೋದ.

"ಆಮೇಲೆ ಇದರ ಮೇಲೆ ನನಗೆ ಪ್ರೀತಿ ಬಂದುಬಿಡ್ತು," ಎಂದರು ಮಾವ, ಕಿಟಕಿಯಾಚೆ ನೋಡುತ್ತ. "ಮೆಕ್ಯಾನಿಕ್ ಮುಟ್ಟಿದ್ರೆ ಸರಿಯಾಗಿಬಿಡತ್ತೆ. ಅದಕ್ಕೇ ಮುಟ್ಟಿಸಲಿಲ್ಲ. ಅವನು ಸಿಕ್ಕಾಗೆಲ್ಲ ಕೇಳೋನು, ಸೋರ್ತಾ ಇದೆಯೇನೋ ಅಂತ. ಸೋರ್ತಾ ಇದೆ ಕಣೋ ಅಂತಿದ್ದೆ. ದೇವರ ಮುಂದೆ ನಿಂತು ಹೇಳಬಹುದಾದ ಮಾತು, ಸುಳ್ಳಲ್ಲ. ನನಗೆ ಸುಳ್ಳು ಹೇಳೋಕೆ ಬರಲ್ಲ ನೋಡಿ."

"ಮತ್ತೆ... ನನಗೆ ಯಾಕೆ ಕೊಟ್ರಿ ಮಾವ?"

"ವಯಸ್ಸಾಯ್ತು, ಓಡಿಸೋಕಾಗ್ಲಿಲ್ಲ. ದೊಡ್ಡಳಿಯಂದ್ರಿಗೆ ಕೊಟ್ಟಿದ್ರೆ ಒಂದು ಗಂಟೇಲಿ ಸರಿ ಮಾಡ್ಬಿಡ್ತಿದ್ರು. ಅದಕ್ಕೇ ನಿಮಗೆ ಕೊಟ್ಟೆ. ನಿಮ್ಮ ಕೈಯ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು."

ದೇವರು ಸುಳ್ಳನ್ನು ದಂಡಿಸುವ ಬಗೆಗಳು ಹಲವು. ಅದನ್ನು ನಿಜಮಾಡಿ ಕೈಗಿಡುವುದು ಅವುಗಳಲ್ಲೆಲ್ಲ ಬಹಳ ನಾಜೂಕಿನದು. ಕರಡಪ್ಪ ಅಂದಿನ ಬೆಳಗ್ಗೆಯ ಎಲ್ಲ ಪ್ರಾರ್ಥನೆಗಳನ್ನೂ ವಾಪಸು ಪಡೆದು ಹೊಸ ಪ್ರಾರ್ಥನೆ ಸಲ್ಲಿಸಿದ: ಒಂದು ಹನಿ, ತಂದೆ, ಒಂದೇ ಹನಿ. ರಸ್ತೆಯ ಹಳ್ಳಗಳನ್ನು ಹುಡುಕಿ ಹುಡುಕಿ ಅವುಗಳಿಗೇ ಚಕ್ರ ಇಳಿಸಿದ. ನಡುವೆ ಎರಡು ಸಲ, ಚಕ್ರದ ಗಾಳಿ ನೋಡುವ ನೆಪದಲ್ಲಿ ಇಳಿದು ಕಾರಿನ ಹೊಟ್ಟೆಯ ಕೆಳಗೆ ಬಗ್ಗಿದ. ಡಾಕ್ಟರ ನೀಲಿ ಉಂಗುರವೂ ಟೈಲರ ಕೂದಲೆಳೆಯ ಅಳತೆಯೂ ಜಗ್ಗಲಿಲ್ಲ. ಬೇರೆಯವರ ಕೆಲಸ ಇಷ್ಟು ಅಚ್ಚುಕಟ್ಟಾಗಿದ್ದದ್ದಕ್ಕೆ ಅವನಿಗೆ ಎಂದೂ ಇಷ್ಟು ದುಃಖವಾಗಿರಲಿಲ್ಲ.

ಸ್ನೇಹಿತರ ಮನೆ ಊರಿನ ಅಂಚಿನಲ್ಲಿ. ಊರುಗೋಲಿನ ಮೇಲೆ ಭಾರ ಹಾಕಿ ಹೊರಬಂದ ಮುದುಕರು ಕಾರನ್ನು ಕಂಡು ನಿಂತೇಬಿಟ್ಟರು. "ಏನೋ ಇದು? ಸೋರ್ತಾ ಇದೆಯೇನೋ?" ಎಂದು ಎಂದಿನ ಪ್ರಶ್ನೆ ಕೇಳಿದರು. ಮಾವ ಉತ್ತರ ಹೇಳದೆ ಅವರ ಹೆಗಲ ಮೇಲೆ ಕೈಹಾಕಿ ಒಳಗೆ ಕರೆದುಕೊಂಡು ಹೋದರು.

ಅಂಗಳದಲ್ಲಿ ಕರಡಪ್ಪ ಒಬ್ಬನೇ ಉಳಿದ. ಜೇಬಿನಲ್ಲಿ ಹಳೆಯ ಸೂಜಿ. ಸೀಟಿನ ಕೆಳಗೆ ಸ್ಕ್ರೂಡ್ರೈವರು. ಕೆಲವೇ ಸ್ಕ್ರೂಗಳ ಕೆಲಸ. ಬಿಚ್ಚುವುದು ಅವನಿಗೀಗ ಬರುತ್ತಿತ್ತು. ಹೊಸದನ್ನು ತೆಗೆದು ಹಳೆಯದನ್ನು ಹಾಕಿದರೆ ಮುದುಕರು ಹೊರಬರುವಷ್ಟರಲ್ಲಿ ಟಪ್ ಎನ್ನುತ್ತದೆ, ದೊಡ್ಡಮ್ಮ ಮನೆಗೆ ಮರಳುತ್ತಾಳೆ. ಅವನು ಸದ್ದಾಗದಂತೆ ಬಾನೆಟ್ ಎತ್ತಿ ಮೊದಲ ಸ್ಕ್ರೂವಿಗೆ ಮೊನೆ ಹೂಡಿದ.

ಕಿಟಕಿಯಿಂದ ಸ್ನೇಹಿತರ ದನಿ ಕೇಳಿತು. "ಇಷ್ಟು ವರ್ಷ ಆಗದ್ದು ಈಗ ಹೇಗೆ ನಿಂತಿತೋ? ಯಾರು ಮಾಡಿದ್ರು?"

"ನಮ್ಮ ಅಳಿಯ."

"ಲೇತ್ ಇಟ್ಟಿದಾನಲ್ಲ, ಅವನಾ?"

"ಅಲ್ಲವೋ, ಚಿಕ್ಕಳಿಯ. ಪುಸ್ತಕ ಓದೋ ಮನುಷ್ಯ. ನಾನೇ ಅವನ ಕೈಲಿ ಏನೂ ಆಗಲ್ಲ ಅಂದ್ಕೊಂಡಿದ್ದೆ. ತಪ್ಪು ನಂದು. ಇಷ್ಟು ವರ್ಷ ನನ್ನ ತಲೆ ಮೇಲಿದ್ದ ಭಾರ ಇವತ್ತು ಅವನೇ ಇಳಿಸಿದ."

ಮದುವೆಯಾದಂದಿನಿಂದ ಕರಡಪ್ಪ ಕೇಳಲು ಕಾದಿದ್ದ ಮಾತು ಅದು. ಅದು ಬಂದ ಹೊತ್ತು ಮಾತ್ರ ಹೀಗಿತ್ತು. ಸ್ಕ್ರೂಡ್ರೈವರು ಕೈಯಲ್ಲಿ ಕೆಲಹೊತ್ತು ಹಾಗೆಯೇ ನಿಂತಿತು. ಆಮೇಲೆ ಅವನು ಬಾನೆಟ್ಟನ್ನು ಮೆಲ್ಲಗೆ ಇಳಿಸಿ, ಅಂಗೈಯಿಂದ ಒತ್ತಿ ಮುಚ್ಚಿದ.

ಇಬ್ಬರೂ ಹೊರಬಂದರು. ಮಾವ ಜೇಬಿನಿಂದ ಏನೋ ತೆಗೆಯಲು ಹೋಗಿ, ಕೀಲಿ ಅಳಿಯನ ಬಳಿಯಿರುವುದು ನೆನಪಾಗಿ ಕೈ ಚಾಚಿದರು. ಕರಡಪ್ಪ ಕೊಟ್ಟ. ಮಾವ ಅದನ್ನು ಪಂಚೆಯ ತುದಿಯಿಂದ ಒರೆಸಿ ಗೆಳೆಯನ ಅಂಗೈಯಲ್ಲಿಟ್ಟರು.

"ಬಸ್ಸಿಗೆ ಹೊತ್ತಾಯ್ತು ಅಳಿಯಂದ್ರೆ," ಎಂದು ಮಾವ ಹಿಂತಿರುಗಿ ನೋಡದೆ ಗೇಟಿನ ಕಡೆ ನಡೆದರು. ಬೆಳಗ್ಗೆಯಿಂದ ಎಲ್ಲೋ ಹೋಗಿದ್ದ ಗಾಳಿ ಆಗ ಬೀಸತೊಡಗಿ ಅವರ ಪಂಚೆಯ ಅಂಚನ್ನು ಅಲುಗಿಸಿತು.

ಕರಡಪ್ಪ ಅವರ ಹಿಂದೆ ಗೇಟಿನವರೆಗೆ ಹೋದವನು ನಿಂತ. ತಿರುಗಿ ಬಂದು, ಅಂಗಿಯ ಜೇಬಿನಿಂದ ಕಾಗದದ ಪುಟ್ಟ ಮಡಿಕೆಯನ್ನು ತೆಗೆದು ಬಿಡಿಸಿದ. ಮುದುಕರ ಅಂಗೈಯಲ್ಲಿ ಕೀಲಿಯ ಪಕ್ಕಕ್ಕೆ ಹಳೆಯ ಹಿತ್ತಾಳೆ ಸೂಜಿಯನ್ನು ಇಟ್ಟ.

"ಇದೂ ಗಾಡಿಯದ್ದೇ," ಎಂದ.